ಕಾಲ ನಾಲ್ಕನೇ ಆಯಾಮ ಅಂದರೆ ನಿಜವಾಗಿ ಏನು? ಸುಮ್ನೆ ನಾಲ್ಕನೇ ಅಂಕಿ ಬರೆದರೆ ಆಯಿತಾ?

ಪೀಣ್ಯ_ವಿಎಂಸಿ
ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ವಿಎಂಸಿ ಮೆಷಿನ್‌ಗೆ ಪ್ರೋಗ್ರಾಮ್ ಬರೆಯುತ್ತೇನೆ. ಇಡೀ ದಿನ ಎಕ್ಸ್, ವೈ, ಝಡ್ ಅಕ್ಷಗಳ ಜೊತೆಗೇ ಇರುತ್ತೇನೆ. ವಿಜ್ಞಾನ ಓದುವುದೆಂದರೆ ಇಷ್ಟ. ಐನ್‌ಸ್ಟೈನ್ ಅವರ ಸಾಪೇಕ್ಷತೆಯ (ರಿಲೇಟಿವಿಟಿ) ಬಗ್ಗೆ ಎಲ್ಲಿ ಓದಿದರೂ ಒಂದು ಸಾಲು ಬಂದೇ ಬರುತ್ತದೆ. ಕಾಲ ನಾಲ್ಕನೇ ಆಯಾಮ, ಜಾಗ ಮತ್ತು ಕಾಲ ಸೇರಿ ಒಂದೇ ದೇಶಕಾಲ ಅಂತ. ಅಲ್ಲಿಗೆ ವಿವರಣೆ ಮುಗಿದುಹೋಗುತ್ತದೆ.

ನನ್ನ ಪ್ರಶ್ನೆ ಇದು. ಒಂದು ಜಾಗಕ್ಕೆ ಮೂರು ಅಂಕಿ ಬರೆದು, ಪಕ್ಕದಲ್ಲಿ ಗಡಿಯಾರದ ಅಂಕಿ ಬರೆದ ಮಾತ್ರಕ್ಕೆ ಎರಡೂ ಒಂದಾಗಿಬಿಡುತ್ತವಾ? ಹಾಗಾದರೆ ಆ ಮೂರು ಅಂಕಿಯ ಪಕ್ಕದಲ್ಲಿ ಮೆಷಿನ್ ತಣ್ಣಗಿಡುವ ಕೂಲಂಟ್‌ನ ಉಷ್ಣಾಂಶವನ್ನೂ ಬರೆಯಬಹುದು. ಉಷ್ಣಾಂಶ ನಾಲ್ಕನೇ ಆಯಾಮ ಅಂತ ಯಾರೂ ಹೇಳುವುದಿಲ್ಲ. ಕಾಲಕ್ಕೆ ಮಾತ್ರ ಆ ಜಾಗ ಸಿಕ್ಕಿದ್ದು ಯಾಕೆ? ಜ್ಯಾಮಿತಿ ಅಂದ ಮೇಲೆ ಅಳತೆ ಇರಬೇಕು ಅಲ್ವಾ? ಮಿಲಿಮೀಟರನ್ನೂ ಸೆಕೆಂಡನ್ನೂ ಸೇರಿಸಿ ಅಳೆಯುವುದು ಹೇಗೆ? ಇನ್ನೊಂದು ಸಂಶಯ. ಅದೂ ಒಂದು ದಿಕ್ಕೇ ಆಗಿದ್ದರೆ ಅದರಲ್ಲಿ ಹಿಂದಕ್ಕೆ ತಿರುಗಲು ಯಾಕೆ ಆಗುವುದಿಲ್ಲ?

ಸ್ವಲ್ಪ ಲೆಕ್ಕ ಇದ್ದರೂ ಪರವಾಗಿಲ್ಲ, ಮಾಡಿ ನೋಡುತ್ತೇನೆ.


ಬಸವನಗುಡಿ_ಮೇಷ್ಟ್ರು
ಶನಿವಾರ, ರಾತ್ರಿ 10:05

ಉಷ್ಣಾಂಶದ ಪ್ರಶ್ನೆ ತುಂಬಾ ಒಳ್ಳೆಯದು. ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಶ್ನೆ ಕೇಳದೆ ಮುಂದೆ ಹೋದವರಿಗೆ ಸಾಪೇಕ್ಷತೆ ಬರೀ ಬಾಯಿಪಾಠವಾಗಿ ಉಳಿಯುತ್ತದೆ. ನಿಮ್ಮ ಕೆಲಸದಿಂದಲೇ ಶುರು ಮಾಡುತ್ತೇನೆ.

ಮೆಷಿನ್ನಿನ ಹಿಡಿತದಲ್ಲಿ, ಅಂದರೆ ವೈಸ್‌ನಲ್ಲಿ, ಜಾಬ್ (ಕೊರೆಯಬೇಕಾದ ತುಂಡು) ಸ್ವಲ್ಪ ಓರೆಯಾಗಿ ಕೂತಿದೆ ಅಂದುಕೊಳ್ಳಿ. ಎರಡು ತೂತುಗಳ ನಡುವಿನ ಎಕ್ಸ್ ವ್ಯತ್ಯಾಸ ಡ್ರಾಯಿಂಗ್‌ನಲ್ಲಿ ಇದ್ದಂತೆ ಬರುವುದಿಲ್ಲ. ವೈ ವ್ಯತ್ಯಾಸವೂ ಬರುವುದಿಲ್ಲ. ಎಕ್ಸ್‌ನ ಸ್ವಲ್ಪ ಭಾಗ ವೈಗೆ ಹೋಗಿದೆ, ವೈನ ಸ್ವಲ್ಪ ಭಾಗ ಎಕ್ಸ್‌ಗೆ ಬಂದಿದೆ. ಆದರೆ ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ ಸಿಗುವ ಸೆಂಟರ್ ದೂರ ಮಾತ್ರ ಅಷ್ಟೇ ಇರುತ್ತದೆ. ಎಕ್ಸ್ ಮತ್ತು ವೈ ಒಂದೇ ಸಮತಲದ ಎರಡು ದಿಕ್ಕುಗಳು ಎಂದು ನಾವು ಹೇಳುವುದು ಇದರಿಂದಲೇ. ಅವು ಒಂದರೊಳಗೊಂದು ಬೆರೆಯುತ್ತವೆ. ಬೆರೆತರೂ ಒಂದು ಅಳತೆ ಕದಲದೆ ಉಳಿಯುತ್ತದೆ. ಕೂಲಂಟ್‌ನ ಉಷ್ಣಾಂಶ ಹಾಗಲ್ಲ. ಜಾಬನ್ನು ಎಷ್ಟು ತಿರುಗಿಸಿದರೂ ಒಂದು ಡಿಗ್ರಿ ಉಷ್ಣಾಂಶವೂ ಎಕ್ಸ್ ಆಗುವುದಿಲ್ಲ.

ಈಗ ಕಾಲಕ್ಕೆ ಬನ್ನಿ. ಇಲ್ಲಿ ತಿರುಗಿಸುವುದು ಅಂದರೆ ವೇಗ ಬದಲಿಸುವುದು. ಮೆಜೆಸ್ಟಿಕ್‌ನಿಂದ ಹೊರಟ ರೈಲಿನಲ್ಲಿ ಕೂತವರಿಗೆ ಅವರ ಸೀಟು ಇದ್ದಲ್ಲೇ ಇದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಅದೇ ಸೀಟು ಒಂದು ಗಂಟೆಯಲ್ಲಿ ಎಷ್ಟೋ ದೂರ ಹೋಗಿದೆ. ಅಂದರೆ ಒಬ್ಬರ ಕಾಲ ಇನ್ನೊಬ್ಬರ ದೂರದೊಳಗೆ ಬೆರೆಯುತ್ತದೆ. ಇದು ಗೆಲಿಲಿಯೋ ದಿನಗಳಿಂದ ಗೊತ್ತಿರುವ ವಿಷಯ. ಇದರಲ್ಲಿ ಹೊಸದೇನೂ ಇಲ್ಲ. 1905ರಲ್ಲಿ ಐನ್‌ಸ್ಟೈನ್ ತೋರಿಸಿದ್ದು ಇನ್ನೊಂದು ಅರ್ಧ. ದೂರ ಕೂಡ ಕಾಲದೊಳಗೆ ಬೆರೆಯುತ್ತದೆ! ನನಗೆ ಒಂದೇ ಸಲಕ್ಕೆ ನಡೆದ, ಆದರೆ ದೂರ ದೂರದ ಎರಡು ಘಟನೆಗಳು ರೈಲಿನವರಿಗೆ ಒಂದೇ ಸಲಕ್ಕೆ ನಡೆದಿರುವುದಿಲ್ಲ. ಎರಡೂ ಕಡೆಯಿಂದ ಬೆರೆಯುವುದರಿಂದಲೇ ಅವು ಒಂದೇ ಜ್ಯಾಮಿತಿಗೆ ಸೇರುತ್ತವೆ.

ಮಿಲಿಮೀಟರು, ಸೆಕೆಂಡು ಸೇರಿಸುವುದಕ್ಕೆ ಬೆಳಕಿನ ವೇಗ ಇದೆ. ಒಂದು ಸೆಕೆಂಡ್ ಅಂದರೆ 29,97,92,458 ಮೀಟರ್. 1983ರಿಂದ ಮೀಟರಿನ ವ್ಯಾಖ್ಯೆಯೇ ಈ ಅಂಕಿಯಿಂದ ಬರುತ್ತದೆ.

ಅಳತೆ ಹೀಗೆ. ಕಾಲವನ್ನು ವರ್ಷದಲ್ಲಿ, ದೂರವನ್ನು ಬೆಳಕಿನ ವರ್ಷದಲ್ಲಿ, ಅಂದರೆ ಬೆಳಕು ಒಂದು ವರ್ಷದಲ್ಲಿ ಹೋಗುವ ದೂರದಲ್ಲಿ, ಹಿಡಿಯಿರಿ. ಒಂದು ರಾಕೆಟ್ 5 ವರ್ಷದಲ್ಲಿ 4 ಬೆಳಕಿನ ವರ್ಷ ದೂರ ಹೋಯಿತು. 5ರ ವರ್ಗ 25, 4ರ ವರ್ಗ 16. ಇವನ್ನು ಕೂಡಿಸಬೇಡಿ, ಕಳೆಯಿರಿ. 9 ಬಂತು. ವರ್ಗಮೂಲ 3. ರಾಕೆಟ್ಟಿನೊಳಗಿನ ಗಡಿಯಾರ ತೋರಿಸುವುದು 3 ವರ್ಷ. ಯಾರು ಯಾವ ವೇಗದಲ್ಲಿ ಹೋಗುತ್ತಾ ನೋಡಿದರೂ ಅವರ 5 ಮತ್ತು 4 ಬದಲಾಗುತ್ತವೆ, ಆ 3 ಬದಲಾಗುವುದಿಲ್ಲ.


ಜಯನಗರ_ಫೋರ್ತ್‌ಬ್ಲಾಕ್
ಶನಿವಾರ, ರಾತ್ರಿ 10:31

ಮೇಷ್ಟ್ರೇ, ಕಳೆಯಿರಿ ಅಂದುಬಿಟ್ಟಿರಿ. ಆ ಮೈನಸ್ ಎಲ್ಲಿಂದ ಬಂತು? ಪೈಥಾಗರಸ್ ಪ್ರಮೇಯದಲ್ಲಿ ಕೂಡಿಸುತ್ತೇವೆ. ಕಾಲಕ್ಕೆ ಮಾತ್ರ ಬೇರೆ ನಿಯಮ ಇದ್ದರೆ ಅದು ಜಾಗದ ಹಾಗೆಯೇ ಒಂದು ದಿಕ್ಕು ಎನ್ನುವುದು ಹೇಗೆ?


ಹೆಸರಘಟ್ಟ_ದಾರಿ
ಶನಿವಾರ, ರಾತ್ರಿ 11:20

ಮೇಡಂ, ನೀವು ಹೇಳಿದ್ದು ಸರಿ. ಕಾಲ 'ಜಾಗದ ಹಾಗೆಯೇ' ಇನ್ನೊಂದು ದಿಕ್ಕಲ್ಲ. ಜಾಗದ ಜೊತೆ ಒಂದೇ ಜ್ಯಾಮಿತಿಯಲ್ಲಿ ಇದೆ, ಆದರೆ ಅದರ ಗುರುತು ಬೇರೆ. ಜನಪ್ರಿಯ ಲೇಖನಗಳು ಮೊದಲ ಅರ್ಧ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿಂದ. ನಾನು ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನನಗೆ ಕೇಳಿದರೆ 1905ರ ಆ ಇಡೀ ಸಿದ್ಧಾಂತ, ಅಂದರೆ ವಿಶೇಷ ಸಾಪೇಕ್ಷತೆ, ಆ ಒಂದು ಮೈನಸ್ ಗುರುತಿನಲ್ಲಿ ಇದೆ.

ಅದು ಬಂದದ್ದು ಬೆಳಕಿನಿಂದ. ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ಏನಾದರೂ ವ್ಯತ್ಯಾಸ ಆಗುತ್ತದೆಯೇ ಎಂದು 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ ಬಹಳ ಸೂಕ್ಷ್ಮವಾಗಿ ಅಳೆದರು. ಸಿಗಬೇಕಾದ ವ್ಯತ್ಯಾಸ ಸಿಗಲಿಲ್ಲ. ಯಾರು ಅಳೆದರೂ ಬೆಳಕಿನ ವೇಗ ಒಂದೇ ಎಂದು ಒಪ್ಪಿಕೊಳ್ಳಿ. ಈಗ ಒಂದು ಬೆಳಕಿನ ಮಿಂಚು ಹೊರಟು ಇನ್ನೊಂದು ಜಾಗ ತಲುಪಿತು. ನಾನು ಅಳೆದರೆ 4 ಸೆಕೆಂಡ್, 4 ಬೆಳಕಿನ ಸೆಕೆಂಡ್ ದೂರ. ಇನ್ನೊಬ್ಬರು ಅಳೆದರೆ 2 ಮತ್ತು 2. ಮತ್ತೊಬ್ಬರಿಗೆ 7 ಮತ್ತು 7. ಅಂಕಿ ಏನೇ ಇರಲಿ, ಎರಡೂ ಸಮ. ಹಾಗಾದರೆ ಎಲ್ಲರೂ ಒಪ್ಪುವ ಅಳತೆ ಯಾವುದು? ವರ್ಗ ಮಾಡಿ ಕೂಡಿಸಿದರೆ 32, 8, 98 ಬರುತ್ತದೆ. ಹೊಂದುವುದಿಲ್ಲ. ಕಳೆದರೆ ಎಲ್ಲರಿಗೂ ಸೊನ್ನೆ. ಬೆಳಕಿಗೆ ಸೊನ್ನೆಯಾಗಿ ಉಳಿಯುವ ಈ ವ್ಯತ್ಯಾಸ, ಉಳಿದ ಎಲ್ಲ ಜೋಡಿ ಘಟನೆಗಳಿಗೂ ಬದಲಾಗದೆ ಉಳಿಯುತ್ತದೆ ಎಂದು ಸ್ವಲ್ಪ ಬೀಜಗಣಿತ ಮಾಡಿ ತೋರಿಸಬಹುದು.

ಇದನ್ನು ಜ್ಯಾಮಿತಿಯಾಗಿ ಕಂಡವರು ಐನ್‌ಸ್ಟೈನ್ ಅಲ್ಲ. ಜ್ಯೂರಿಕ್‌ನಲ್ಲಿ ಅವರಿಗೆ ಗಣಿತ ಹೇಳಿಕೊಟ್ಟಿದ್ದ ಹರ್ಮನ್ ಮಿಂಕೋವ್ಸ್ಕಿ. ಅವರಿಗಿಂತ ಮೊದಲೇ ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ, ವೇಗ ಬದಲಿಸಿದಾಗ ಆಗುವ ಈ ಬೆರೆಯುವಿಕೆಯನ್ನು ನಾಲ್ಕು ಆಯಾಮದ ತಿರುಗುವಿಕೆಯಾಗಿ ಬರೆಯಬಹುದು ಎಂದು ಗಮನಿಸಿದ್ದರು. ಆದರೆ ಇದೇ ಪ್ರಕೃತಿಯ ನಿಜವಾದ ರೂಪ ಎಂದು ಧೈರ್ಯವಾಗಿ ಹೇಳಿದ್ದು ಮಿಂಕೋವ್ಸ್ಕಿ. 1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದ ಉಪನ್ಯಾಸದಲ್ಲಿ. ಇನ್ನು ಮುಂದೆ ಬೇರೆಯಾಗಿ ಜಾಗ, ಬೇರೆಯಾಗಿ ಕಾಲ ಎಂಬುದು ಬರೀ ನೆರಳಾಗುತ್ತದೆ, ಎರಡರ ಕೂಡಿಕೆ ಮಾತ್ರ ಸ್ವತಂತ್ರವಾಗಿ ಉಳಿಯುತ್ತದೆ ಎಂಬುದು ಅವರ ಮಾತಿನ ಸಾರ. ಕೆಲವೇ ತಿಂಗಳಲ್ಲಿ, 1909ರ ಜನವರಿಯಲ್ಲಿ, ಅಪೆಂಡಿಸೈಟಿಸ್‌ನಿಂದ ತೀರಿಕೊಂಡರು. ವಯಸ್ಸು 44. ಐನ್‌ಸ್ಟೈನ್ ಆಮೇಲೆ ಕಟ್ಟಿದ ಗುರುತ್ವದ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯನ್ನು ಅವರು ನೋಡಲೇ ಇಲ್ಲ. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ನಮ್ಮ ದೇಶದ ಒಂದು ಮಾತನ್ನೂ ಸೇರಿಸುತ್ತೇನೆ. ಐನ್‌ಸ್ಟೈನ್ ಮತ್ತು ಮಿಂಕೋವ್ಸ್ಕಿ ಅವರ ಜರ್ಮನ್ ಪ್ರಬಂಧಗಳನ್ನು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಇಂಗ್ಲಿಷಿಗೆ ತಂದರು. ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು 1920ರಲ್ಲಿ ಪ್ರಕಟಿಸಿತು. ಇಬ್ಬರೂ ಆಗ ಇನ್ನೂ ಇಪ್ಪತ್ತರ ಹರೆಯದವರು.


ಪೀಣ್ಯ_ವಿಎಂಸಿ
ಭಾನುವಾರ, ಬೆಳಗ್ಗೆ 7:48

ಇಬ್ಬರಿಗೂ ತುಂಬಾ ಧನ್ಯವಾದ. ಬೆರೆಯುವುದು, ಉಳಿಯುವುದು ಎರಡೂ ಗೊತ್ತಾಯಿತು. ಲೆಕ್ಕ ಮುಂದುವರಿಸಿದೆ. ರಾಕೆಟ್ ಅಲ್ಲಿಂದ ಅದೇ ವೇಗದಲ್ಲಿ ವಾಪಸ್ ಬಂದರೆ ಇನ್ನೊಂದು 3 ವರ್ಷ. ಒಟ್ಟು 6. ಮನೆಯಲ್ಲೇ ಇದ್ದವರಿಗೆ 10 ವರ್ಷ. ಹಾಳೆಯ ಮೇಲೆ ಗೆರೆ ಎಳೆದು ನೋಡಿದರೆ ಮನೆಯಲ್ಲಿ ಇದ್ದವರದು ನೇರ ಗೆರೆ, ರಾಕೆಟ್ಟಿನದು ಮಡಚಿದ ಗೆರೆ. ಮಡಚಿದ ಗೆರೆ ಕಣ್ಣಿಗೆ ಉದ್ದ, ಆದರೆ ಅದರ ಕಾಲ ಕಡಿಮೆ. ನೇರ ದಾರಿಯೇ ಅತಿ ಉದ್ದ ಅಂತ ಆಯಿತು ಅಲ್ವಾ? ಇದು ಸರಿಯಾ?

ಹಿಂದಕ್ಕೆ ತಿರುಗುವ ಪ್ರಶ್ನೆ ಹಾಗೇ ಉಳಿದಿದೆ.


ಬಸವನಗುಡಿ_ಮೇಷ್ಟ್ರು
ಭಾನುವಾರ, ಬೆಳಗ್ಗೆ 8:30

ಪೂರ್ತಿ ಸರಿ. ಅವಳಿ ಅಕ್ಕತಂಗಿಯರ ವಿರೋಧಾಭಾಸ ಅಂತ ದೊಡ್ಡದಾಗಿ ಹೇಳುತ್ತಾರಲ್ಲ, ಅದು ಇಷ್ಟೇ. ಇಬ್ಬರೂ ಒಂದೇ ಘಟನೆಯಿಂದ ಹೊರಟು ಒಂದೇ ಘಟನೆಯಲ್ಲಿ ಸೇರಿದರು. ನಡುವೆ ಬೇರೆ ಬೇರೆ ದಾರಿ ಹಿಡಿದರು. ದಾರಿಯ ಉದ್ದ ಬೇರೆ ಬಂತು. ಗಡಿಯಾರ ಅಳೆಯುವುದು ಆ ಉದ್ದವನ್ನು. ಗಡಿಯಾರ 'ನಿಧಾನವಾಯಿತು' ಎಂದು ಹೇಳುವುದಕ್ಕಿಂತ ಕಡಿಮೆ ದಾರಿ ಕ್ರಮಿಸಿತು ಎಂದು ಹೇಳುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಮಕ್ಕಳಿಗೂ ಹಾಗೇ ಹೇಳುತ್ತೇನೆ.


ಹೆಸರಘಟ್ಟ_ದಾರಿ
ಭಾನುವಾರ, ಬೆಳಗ್ಗೆ 9:02

ಹಿಂದಕ್ಕೆ ತಿರುಗುವ ಪ್ರಶ್ನೆಗೂ ಮೈನಸ್ಸೇ ಉತ್ತರ. ಮಾಮೂಲಿ ಜ್ಯಾಮಿತಿಯಲ್ಲಿ ಒಂದು ಬಿಂದುವಿನಿಂದ ಸಮಾನ ದೂರದಲ್ಲಿರುವ ಬಿಂದುಗಳೆಲ್ಲ ಸೇರಿದರೆ ವೃತ್ತ. ವೃತ್ತದ ಮೇಲೆ ತಿರುಗುತ್ತಾ ಹೋದರೆ ಉತ್ತರಕ್ಕೆ ಮುಖ ಮಾಡಿದ್ದವರು ದಕ್ಷಿಣಕ್ಕೆ ಬರಬಹುದು. ದೇಶಕಾಲದಲ್ಲಿ ಕಳೆಯುವ ಲೆಕ್ಕ ಇರುವುದರಿಂದ ವೃತ್ತ ಬರುವುದಿಲ್ಲ, ಅತಿಪರವಲಯ (ಹೈಪರ್ಬೋಲಾ) ಬರುತ್ತದೆ. ಅದಕ್ಕೆ ಎರಡು ಬೇರೆ ಬೇರೆ ತುಂಡುಗಳು. ಒಂದು ಭವಿಷ್ಯದ ಕಡೆ, ಇನ್ನೊಂದು ಭೂತಕಾಲದ ಕಡೆ. ಕಾಲವನ್ನು ಮೇಲಕ್ಕೆ, ದೂರವನ್ನು ಪಕ್ಕಕ್ಕೆ ಬರೆದರೆ ನಡುವೆ ಬೆಳಕಿನ 45 ಡಿಗ್ರಿ ಗೆರೆಗಳಿವೆ. ವೇಗ ಎಷ್ಟು ಹೆಚ್ಚಿಸಿದರೂ ನಿಮ್ಮ ಗೆರೆ ಆ 45 ಡಿಗ್ರಿಯನ್ನು ಸಮೀಪಿಸುತ್ತದೆ, ದಾಟುವುದಿಲ್ಲ. ಮೇಲಿನ ತುಂಡಿನಿಂದ ಕೆಳಗಿನ ತುಂಡಿಗೆ ಜಾರಿಕೊಂಡು ಹೋಗುವ ದಾರಿಯೇ ಇಲ್ಲ. ಹಳೆಯ ಪುಸ್ತಕಗಳಲ್ಲಿ ಕಾಲವನ್ನು ಕಾಲ್ಪನಿಕ ಸಂಖ್ಯೆಯಿಂದ (ಮೈನಸ್ ಒಂದರ ವರ್ಗಮೂಲ) ಗುಣಿಸಿ ಮೈನಸ್ಸನ್ನು ಮರೆಮಾಡುತ್ತಿದ್ದರು. ಸೂತ್ರ ನೋಡಲು ಚಂದ. ಆದರೆ ಈ ಮುಖ್ಯ ವಿಷಯ ಕಣ್ಣಿಗೆ ಬೀಳುವುದಿಲ್ಲ. ಈಗ ಬಹುತೇಕ ಯಾರೂ ಹಾಗೆ ಬರೆಯುವುದಿಲ್ಲ, ಒಳ್ಳೆಯದೇ ಆಯಿತು.


ತುಮಕೂರು_ರಸ್ತೆ
ಭಾನುವಾರ, ಬೆಳಗ್ಗೆ 11:15

ಚಂದ್ರಯಾನ-3 ಇಳಿದ ದಿನದಿಂದ ನನ್ನ ತಲೆಯಲ್ಲಿರುವ ಒಂದು ಪ್ರಶ್ನೆ ಇಲ್ಲಿ ಕೇಳುತ್ತೇನೆ. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷದ ಹೊತ್ತಿಗೆ ವಿಕ್ರಮ್ ಚಂದ್ರನ ಮೇಲೆ ಕೂತಿತು. ಇಲ್ಲಿ ಪೀಣ್ಯದಲ್ಲಿ ಇಸ್ರೋದ ಜಾಡು ಹಿಡಿಯುವ ಕೇಂದ್ರವಾದ ಇಸ್ಟ್ರಾಕ್‌ನ ನಿಯಂತ್ರಣ ಕೊಠಡಿಗೆ ಸಂಕೇತ ಬರಲು ಸುಮಾರು 1.3 ಸೆಕೆಂಡ್ ಬೇಕು. ಆ 1.3 ಸೆಕೆಂಡಿನಲ್ಲಿ ಅದು ಇಳಿದಾಗಿತ್ತೋ, ಇಲ್ಲವೋ? ನಮಗೆ ಗೊತ್ತಿರಲಿಲ್ಲ ಅಷ್ಟೇ, ಆದರೆ ನಿಜವಾಗಿ ಇಳಿದಾಗಿತ್ತು ಅಂತ ನನ್ನ ವಾದ. ನನ್ನ ಸ್ನೇಹಿತ ಒಪ್ಪುವುದಿಲ್ಲ.


ಹೆಸರಘಟ್ಟ_ದಾರಿ
ಭಾನುವಾರ, ಮಧ್ಯಾಹ್ನ 1:40

ಇದಕ್ಕಿಂತ ಒಳ್ಳೆಯ ಉದಾಹರಣೆ ಬೆಂಗಳೂರಿನವರಿಗೆ ಸಿಗಲಾರದು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎರಡು ಘಟನೆ ಇಟ್ಟುಕೊಳ್ಳಿ. ಒಂದು, ಚಂದ್ರನ ಮೇಲೆ ವಿಕ್ರಮ್‌ನ ಕಾಲು ತಾಗಿದ್ದು. ಎರಡು, ಪೀಣ್ಯದಲ್ಲಿ ಯಾರೋ ಕುರ್ಚಿಯಿಂದ ಎದ್ದದ್ದು. ದೂರ ಸುಮಾರು 3.84 ಲಕ್ಷ ಕಿಲೋಮೀಟರ್, ಅಂದರೆ 1.28 ಬೆಳಕಿನ ಸೆಕೆಂಡ್. ಇದು ಸರಾಸರಿ ದೂರ. ನಮ್ಮ ಲೆಕ್ಕಕ್ಕೆ ಸಾಕು.

ಎದ್ದದ್ದು ಇಳಿದ 2 ಸೆಕೆಂಡಿನ ನಂತರ ಎಂದಾದರೆ, ಕಾಲದ ವರ್ಗ 4, ದೂರದ ವರ್ಗ ಸುಮಾರು 1.64. ಕಳೆದರೆ ಧನ ಸಂಖ್ಯೆ. ಸಂಕೇತ ಬಂದು, ಅದನ್ನು ನೋಡಿಯೇ ಎದ್ದಿರಬಹುದು. ಮೊದಲು ಇಳಿಯಿತು, ಆಮೇಲೆ ಎದ್ದರು. ಈ ಕ್ರಮವನ್ನು ಯಾವ ವೇಗದಲ್ಲಿ ಹೋಗುವವರೂ ಅಲ್ಲಗಳೆಯಲು ಆಗುವುದಿಲ್ಲ.

ಎದ್ದದ್ದು 1 ಸೆಕೆಂಡಿನ ನಂತರ ಎಂದಾದರೆ? 1ರಿಂದ 1.64 ಕಳೆಯಿರಿ. ಉತ್ತರ ಋಣ ಸಂಖ್ಯೆ, -0.64. ಇಲ್ಲಿ ಎಲ್ಲ ಬದಲಾಗುತ್ತದೆ. ಇಳಿದ ಸುದ್ದಿ ಅವರಿಗೆ ತಲುಪಿರಲು ಸಾಧ್ಯವಿಲ್ಲ. ಅವರು ಎದ್ದದ್ದರಿಂದ ವಿಕ್ರಮ್‌ಗೂ ಏನೂ ಆಗಿರಲು ಸಾಧ್ಯವಿಲ್ಲ. ನಮ್ಮ ಗಡಿಯಾರಗಳ ಪ್ರಕಾರ ಇಳಿದದ್ದು ಮೊದಲು. ಆದರೆ ಚಂದ್ರನ ಕಡೆಯಿಂದ ಭೂಮಿಯ ಕಡೆಗೆ ಬೆಳಕಿನ ವೇಗದ ನೂರಕ್ಕೆ 90 ಭಾಗದಷ್ಟು ವೇಗದಲ್ಲಿ ಬರುತ್ತಿರುವ ಒಬ್ಬರನ್ನು ಊಹಿಸಿಕೊಳ್ಳಿ. ಲೆಕ್ಕ ಮಾಡಿದರೆ ಅವರ ಗಡಿಯಾರಗಳಲ್ಲಿ ಪೀಣ್ಯದವರು ಎದ್ದದ್ದೇ ಮೊದಲು, ವಿಕ್ರಮ್ ಇಳಿದದ್ದು ಸುಮಾರು 0.35 ಸೆಕೆಂಡ್ ಆಮೇಲೆ. ಇದು ನೋಟದ ಭ್ರಮೆ ಅಲ್ಲ. ಬೆಳಕು ಬರಲು ಹಿಡಿದ ಹೊತ್ತನ್ನು ಇಬ್ಬರೂ ಸರಿಯಾಗಿ ಕಳೆದ ಮೇಲೂ ಈ ವ್ಯತ್ಯಾಸ ಉಳಿಯುತ್ತದೆ.

ಅಂದರೆ ಬೆಂಗಳೂರಿನ ಕಾಲದಲ್ಲಿ ಇಳಿಯುವ 1.28 ಸೆಕೆಂಡ್ ಮೊದಲಿನಿಂದ 1.28 ಸೆಕೆಂಡ್ ನಂತರದವರೆಗೆ, ಸುಮಾರು 2.6 ಸೆಕೆಂಡಿನ ಒಂದು ಪಟ್ಟಿ ಇದೆ. ಆ ಪಟ್ಟಿಯೊಳಗೆ ಇಲ್ಲಿ ನಡೆದ ಯಾವುದಕ್ಕೂ ಅಲ್ಲಿನ ಇಳಿಯುವಿಕೆ ಭೂತವೂ ಅಲ್ಲ, ಭವಿಷ್ಯವೂ ಅಲ್ಲ. ಮೊದಲು, ಆಮೇಲೆ ಎಂಬುದು ಅಲ್ಲಿ ನಾವು ಆಯ್ದುಕೊಂಡ ಅಕ್ಷದ ಮೇಲೆ ನಿಂತಿದೆ. 'ಭೂಮಿಯ ಗಡಿಯಾರಗಳ ಪ್ರಕಾರ ಇಳಿದಾಗಿತ್ತು' ಎಂದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. 'ಯಾರ ಪ್ರಕಾರವೂ ಅಲ್ಲ, ಸುಮ್ನೆ ಇಳಿದಾಗಿತ್ತು' ಎಂದರೆ ಆ ವಾಕ್ಯಕ್ಕೆ ಅರ್ಥ ಉಳಿಯುವುದಿಲ್ಲ.

ಕಾರಣ ಮೊದಲು, ಪರಿಣಾಮ ಆಮೇಲೆ ಎಂಬ ಕ್ರಮ ಮಾತ್ರ ಎಲ್ಲೂ ಮುರಿಯುವುದಿಲ್ಲ. ಕ್ರಮ ಬದಲಾಗುವುದು ಒಂದಕ್ಕೊಂದು ಸಂಬಂಧವೇ ಇರಲು ಆಗದ ಘಟನೆಗಳ ನಡುವೆ ಮಾತ್ರ. ಯಾವುದು ಯಾವ ಗುಂಪು ಎಂದು ಹೇಳುವುದು ಆ ವ್ಯತ್ಯಾಸದ ಧನ, ಋಣ ಗುರುತು. ಅಷ್ಟು ಸಣ್ಣ ಲೆಕ್ಕ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.


ಓದುವ_ಹುಚ್ಚು
ಭಾನುವಾರ, ಮಧ್ಯಾಹ್ನ 3:05

ನಾನು ಒಂದು ವಿಡಿಯೋದಲ್ಲಿ ಕೇಳಿದ್ದು: ನಾವೆಲ್ಲರೂ ದೇಶಕಾಲದಲ್ಲಿ ಯಾವಾಗಲೂ ಬೆಳಕಿನ ವೇಗದಲ್ಲೇ ಹೋಗುತ್ತಿದ್ದೇವೆ. ಸುಮ್ನೆ ಕೂತಿದ್ದರೆ ಎಲ್ಲ ವೇಗ ಕಾಲಕ್ಕೆ ಹೋಗುತ್ತದೆ. ಓಡಿದರೆ ಸ್ವಲ್ಪ ಜಾಗಕ್ಕೆ ಹಂಚಿಹೋಗುತ್ತದೆ. ಇದು ಸುಲಭವಾಗಿ ಅರ್ಥವಾಗುತ್ತದೆ ಅಲ್ವಾ?


ಹೆಸರಘಟ್ಟ_ದಾರಿ
ಭಾನುವಾರ, ಮಧ್ಯಾಹ್ನ 3:30

ಲೆಕ್ಕ ತಪ್ಪಲ್ಲ. ಆದರೆ ಅದನ್ನು ನಾನು ಹೇಳಿಕೊಡುವುದಿಲ್ಲ. ಹಂಚುವ ಆ ಚಿತ್ರದಲ್ಲಿ ಮೈನಸ್ ಹೋಗಿ ಮತ್ತೆ ಮಾಮೂಲಿ ಪೈಥಾಗರಸ್ ಬಂದುಬಿಡುತ್ತದೆ. ಅದು ಬರುವುದು ಓಡುವವರ ಸ್ವಂತ ಗಡಿಯಾರವನ್ನೂ ನಿಂತವರ ಗಡಿಯಾರವನ್ನೂ ಒಂದೇ ಸಮೀಕರಣದಲ್ಲಿ ಬೆರೆಸುವುದರಿಂದ. ಕೇಳಿದವರು ದೇಶಕಾಲ ನಾಲ್ಕು ಆಯಾಮದ ಮಾಮೂಲಿ ಜಾಗ ಎಂದುಕೊಂಡು ಹೋಗುತ್ತಾರೆ. ಆಮೇಲೆ ಚಂದ್ರಯಾನದಂಥ ಪ್ರಶ್ನೆ ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ.


ರಾಜಾಜಿನಗರ_ನಿವೃತ್ತ
ಭಾನುವಾರ, ಸಂಜೆ 5:10

ಎಲ್ಲರ ಉತ್ತರವನ್ನೂ ಆಸಕ್ತಿಯಿಂದ ಓದಿದೆ. ನಾನು ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವನು. ಎಸಿ ಸರ್ಕ್ಯೂಟ್‌ಗೆ ಕಾಲ್ಪನಿಕ ಸಂಖ್ಯೆ ಬಳಸುತ್ತಿದ್ದೆವು. ಅನುಕೂಲಕ್ಕೆ ಬಳಸುತ್ತಿದ್ದೆವು, ವೈರಿನೊಳಗೆ ಕಾಲ್ಪನಿಕ ಕರೆಂಟ್ ಇದೆ ಎಂದು ಅಲ್ಲ. ದೇಶಕಾಲವೂ ಹಾಗೆ ಲೆಕ್ಕದ ಅನುಕೂಲ ಮಾತ್ರ ಯಾಕಾಗಬಾರದು? ಕಾಲ ನಿಜವಾಗಿಯೂ ದಾರಿಯ ಉದ್ದ ಎನ್ನಲು ಕಣ್ಣಿಗೆ ಕಾಣುವ ಸಾಕ್ಷಿ ಬೇಕು.


ಕೋಲಾರದ_ಗಣಿಮಗಳು
ಭಾನುವಾರ, ಸಂಜೆ 6:22

ಸರ್, ಸಾಕ್ಷಿ ನಮ್ಮ ಊರಿನಲ್ಲೇ ಇದೆ. ನಾನು ಕೆಜಿಎಫ್‌ನಲ್ಲಿ ಬೆಳೆದವಳು, ಈಗ ಬೆಂಗಳೂರಿನಲ್ಲಿದ್ದೇನೆ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಒಂದು ಮೈಕ್ರೋಸೆಕೆಂಡ್). ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಸುಮಾರು 660 ಮೀಟರ್ ಮಾತ್ರ ಹೋಗುತ್ತದೆ. ಹಾಗಾದರೆ ನೆಲ ಮುಟ್ಟುವ ಮೊದಲೇ ಹೆಚ್ಚುಕಡಿಮೆ ಎಲ್ಲವೂ ಅಳಿದುಹೋಗಬೇಕಿತ್ತು. ಆದರೆ ಈಗ ನೀವು ಇದನ್ನು ಓದುವಾಗಲೂ ನಿಮ್ಮ ಮೈಮೂಲಕ ಹಾದುಹೋಗುತ್ತಿವೆ. ಬೆಳಕಿನ ವೇಗದ 0.9995 ಪಾಲಿನಲ್ಲಿ ಬರುವ ಮ್ಯುಯಾನ್‌ಗೆ ನಮ್ಮ ಲೆಕ್ಕದಲ್ಲಿ 50 ಮೈಕ್ರೋಸೆಕೆಂಡ್ ಬೇಕು. ಮೇಷ್ಟ್ರು ಹೇಳಿದ ಹಾಗೆ ವರ್ಗ ಮಾಡಿ ಕಳೆದರೆ ಅದರ ಸ್ವಂತ ಕಾಲ ಬರೀ 1.6 ಮೈಕ್ರೋಸೆಕೆಂಡ್. ಅದಕ್ಕೇ ಉಳಿದುಕೊಳ್ಳುತ್ತದೆ.

ಕೆಜಿಎಫ್ ಗಣಿಯ ಆಳದಲ್ಲಿ ಬೇರೆ ಬೇರೆ ಮಟ್ಟಗಳಲ್ಲಿ ಎಷ್ಟು ಮ್ಯುಯಾನ್ ಸಿಗುತ್ತದೆ ಎಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದ ಅಳೆದರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಆ ಕೆಲಸದಲ್ಲಿ ಮುಂದಿದ್ದವರು. ಕೆಳಗೆ ಹೋದಷ್ಟೂ ಮ್ಯುಯಾನ್ ಕಡಿಮೆ. ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಅಷ್ಟು ನಿಶ್ಶಬ್ದ ಸಿಕ್ಕಿದ್ದರಿಂದಲೇ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳನ್ನು ಅಲ್ಲಿ ಗುರುತಿಸಲು ಆಯಿತು. ಗಣಿ 2001ರಲ್ಲಿ ಮುಚ್ಚಿತು. ಚಿನ್ನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಕೆಲಸದ ಬಗ್ಗೆ ನಮ್ಮ ಊರಿನ ಮಕ್ಕಳಿಗೂ ಯಾರೂ ಹೇಳುವುದಿಲ್ಲ. ಹೇಳಬೇಕು.


ಮಾಗಡಿ_ರಸ್ತೆ_ಸವಾರ
ಭಾನುವಾರ, ಸಂಜೆ 7:00

ಇನ್ನೊಂದು ಸಾಕ್ಷಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಜಿಪಿಎಸ್ ಹಾಗೆ ಜಾಗ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳ ಇಸ್ರೋ ಸಂಚಾರ ಕೇಂದ್ರ ಇರುವುದು ಅಲ್ಲಿಯೇ. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ನಾನು ಲೆಕ್ಕ ಹಾಕಿ ನೋಡಿದೆ. ವೇಗದಿಂದ ಅವುಗಳ ಗಡಿಯಾರಗಳು ದಿನಕ್ಕೆ ನಾಲ್ಕೂವರೆ ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತವೆ. ಎತ್ತರದಲ್ಲಿ ಗುರುತ್ವ ಕಡಿಮೆ ಇರುವುದರಿಂದ 51 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತವೆ. ನಿವ್ವಳ ದಿನಕ್ಕೆ ಸುಮಾರು 46 ಮುಂದೆ. ಜಿಪಿಎಸ್ ಉಪಗ್ರಹಗಳು ಸಾಕಷ್ಟು ಕೆಳಗೆ ಇರುವುದರಿಂದ ಅವಕ್ಕೆ 38. 46 ಮೈಕ್ರೋಸೆಕೆಂಡಿನಲ್ಲಿ ಬೆಳಕು 13 ಕಿಲೋಮೀಟರಿಗೂ ಜಾಸ್ತಿ ಹೋಗುತ್ತದೆ.

ಇದರಿಂದ ಮ್ಯಾಪ್ ದಿನಕ್ಕೆ ಅಷ್ಟು ದೂರ ತಪ್ಪುತ್ತದೆ ಎಂದು ಬರೆಯುವವರಿದ್ದಾರೆ. ಅದು ಅಷ್ಟು ಸರಳವಲ್ಲ. ಎಲ್ಲ ಉಪಗ್ರಹಗಳೂ ಒಂದೇ ಸಮ ಮುಂದೆ ಹೋದರೆ ರಿಸೀವರ್ ಅದರ ಬಹುಭಾಗವನ್ನು ತನ್ನ ಗಡಿಯಾರದ ವ್ಯತ್ಯಾಸ ಎಂದು ತೆಗೆದುಹಾಕುತ್ತದೆ. ಆದರೆ ಗಡಿಯಾರಗಳು ನಿಜವಾಗಿಯೂ ಅಷ್ಟು ಓಡುತ್ತವೆ, ಅದನ್ನು ಅಳೆದು ಸರಿಪಡಿಸುತ್ತಾರೆ ಎನ್ನುವುದರಲ್ಲಿ ಅನುಮಾನವಿಲ್ಲ.


ರಾಜಾಜಿನಗರ_ನಿವೃತ್ತ
ಭಾನುವಾರ, ರಾತ್ರಿ 8:15

ಮ್ಯುಯಾನ್ ಲೆಕ್ಕವನ್ನು ನಾನೇ ಮಾಡಿದೆ, ಹೊಂದುತ್ತದೆ. ಗಡಿಯಾರದ ವಿಷಯ ಒಪ್ಪಿದೆ. ಆದರೆ ಒಂದು ಮಾತು. ದೇಶಕಾಲ ಒಂದೇ ದೊಡ್ಡ ಜ್ಯಾಮಿತಿ ಎಂದಾದರೆ ನಾಳೆ ಆಗುವುದೂ ಈಗಾಗಲೇ ಅದರಲ್ಲಿ ಇದೆ ಎಂದಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಈ ಕ್ಷಣ ನನಗೆ ನಿಜ. ನಾಳೆ ಇನ್ನೂ ಇಲ್ಲ.


ಹೆಸರಘಟ್ಟ_ದಾರಿ
ಭಾನುವಾರ, ರಾತ್ರಿ 9:30

ಸರ್, ಇಲ್ಲಿ ಭೌತಶಾಸ್ತ್ರ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂದು ಬೇರೆ ಮಾಡಬೇಕು.

ಹೇಳುವುದು ಇದು. ಇಡೀ ವಿಶ್ವಕ್ಕೆ ಒಂದೇ 'ಈ ಕ್ಷಣ' ಎಂಬುದು ಈ ಜ್ಯಾಮಿತಿಯಲ್ಲಿ ಇಲ್ಲ. ಲಾಲ್‌ಬಾಗ್‌ನಲ್ಲಿ ಇಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಎದುರುಬದುರು ನಡೆದುಕೊಂಡು ಬರುತ್ತಿದ್ದಾರೆ. ಒಬ್ಬರ ಮುಖ ಆಂಡ್ರೊಮಿಡಾ ಗೆಲಾಕ್ಸಿಯ ದಿಕ್ಕಿಗಿದೆ, ಇನ್ನೊಬ್ಬರ ಬೆನ್ನು ಅದಕ್ಕಿದೆ. ಅದು ಸುಮಾರು 25 ಲಕ್ಷ ಬೆಳಕಿನ ವರ್ಷ ದೂರ. ಇಬ್ಬರೂ ಎದುರಾದ ಆ ಗಳಿಗೆಯಲ್ಲಿ 'ಅಲ್ಲಿ ಈಗ' ಎಂದರೆ ಇಬ್ಬರ ಲೆಕ್ಕದ ನಡುವೆ 8 ದಿನಕ್ಕೂ ಜಾಸ್ತಿ ವ್ಯತ್ಯಾಸ. ಬರೀ ನಡಿಗೆಯ ವೇಗಕ್ಕೆ ಇಷ್ಟು. ದೂರ ಅಷ್ಟು ದೊಡ್ಡದಾಗಿರುವುದರಿಂದ ಹೀಗೆ.

ಹೇಳದೇ ಇರುವುದು: ನಾಳೆ 'ಈಗಾಗಲೇ ಇದೆ' ಎಂದು. ಆ ಮಾತು ಸೂತ್ರದಿಂದ ಬರುವುದಿಲ್ಲ. ಸೂತ್ರವನ್ನು ನಾವು ಹೇಗೆ ಓದುತ್ತೇವೆ ಎನ್ನುವುದರಿಂದ ಬರುತ್ತದೆ. ದೊಡ್ಡ ದೊಡ್ಡವರು ಎರಡೂ ಕಡೆ ಇದ್ದಾರೆ. ನಿಮ್ಮ ಈ ಕ್ಷಣ ನಿಮ್ಮ ಗೆರೆಯ ಮೇಲೆ ಗಟ್ಟಿಯಾಗಿಯೇ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. ಅದನ್ನು ಆಂಡ್ರೊಮಿಡಾವರೆಗೆ ಎಳೆಯಲು ಆಗುವುದಿಲ್ಲ, ಅಷ್ಟೇ.


ಜಯನಗರ_ಫೋರ್ತ್‌ಬ್ಲಾಕ್
ಭಾನುವಾರ, ರಾತ್ರಿ 9:55

ಇಷ್ಟೆಲ್ಲ ನೇರ ಗೆರೆಗಳ ಮಾತಾಯಿತು. ಗುರುತ್ವ ಅಂದರೆ ದೇಶಕಾಲ ಬಾಗುವುದು ಅಂತಾರಲ್ಲ, ಅದು ಇದಕ್ಕೆ ಹೇಗೆ ಸೇರುತ್ತದೆ? ರಬ್ಬರ್ ಹಾಳೆಯ ಮೇಲೆ ಗುಂಡು ಇಟ್ಟ ಚಿತ್ರದಿಂದ ನನಗೆ ಏನೂ ಅರ್ಥವಾಗಿಲ್ಲ.


ಬಸವನಗುಡಿ_ಮೇಷ್ಟ್ರು
ಭಾನುವಾರ, ರಾತ್ರಿ 10:40

ಆ ಚಿತ್ರದಲ್ಲಿ ಜಾಗ ಮಾತ್ರ ಬಾಗಿದೆ, ಕಾಲ ಇಲ್ಲವೇ ಇಲ್ಲ. ನಮ್ಮ ದಿನನಿತ್ಯದ ಗುರುತ್ವ ಹೆಚ್ಚುಕಡಿಮೆ ಪೂರ್ತಿ ಕಾಲದ ಕಡೆಯಿಂದ ಬರುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಬ್ಬರು ಚೆಂಡು ಎಸೆದರು. 2 ಸೆಕೆಂಡ್ ಗಾಳಿಯಲ್ಲಿತ್ತು, 5 ಮೀಟರ್ ಮೇಲೆ ಹೋಗಿ ಬಂತು. ಕಣ್ಣಿಗೆ ತುಂಬಾ ಬಾಗಿದ ದಾರಿ. ಬಂದೂಕಿನ ಒಂದು ಗುಂಡು, ಚೆಂಡು ಅಡ್ಡಕ್ಕೆ ಹೋದಷ್ಟೇ ದೂರವನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಹೋಯಿತು. ಅದು ಮೇಲೆದ್ದದ್ದು ಅರ್ಧ ಮಿಲಿಮೀಟರ್. ಕಣ್ಣಿಗೆ ನೇರ. ಜಾಗ ಮಾತ್ರ ಬಾಗಿದ್ದರೆ ಎರಡಕ್ಕೂ ಒಂದೇ ದಾರಿ ಇರಬೇಕಿತ್ತು ಅಲ್ವಾ? ಈಗ ಕಾಲವನ್ನೂ ಸೇರಿಸಿ ಅಳೆಯಿರಿ. ಚೆಂಡಿನ 2 ಸೆಕೆಂಡ್ ಅಂದರೆ 6 ಲಕ್ಷ ಕಿಲೋಮೀಟರ್. ಗುಂಡಿನ ಹೊತ್ತು ಅಂದರೆ 6,000 ಕಿಲೋಮೀಟರ್. 6 ಲಕ್ಷ ಕಿಲೋಮೀಟರ್ ಉದ್ದಕ್ಕೆ 5 ಮೀಟರ್ ಉಬ್ಬು, 6,000 ಕಿಲೋಮೀಟರ್ ಉದ್ದಕ್ಕೆ ಅರ್ಧ ಮಿಲಿಮೀಟರ್ ಉಬ್ಬು. ಎರಡೂ ಒಂದೇ ವೃತ್ತದ ತುಂಡುಗಳು! ಆ ವೃತ್ತದ ತ್ರಿಜ್ಯ ಸುಮಾರು ಒಂದು ಬೆಳಕಿನ ವರ್ಷ. ನಮ್ಮ ಸುತ್ತ ಬಾಗುವಿಕೆ ಅಷ್ಟು ಸಣ್ಣದು. ಒಂದು ಸೆಕೆಂಡ್ ಅಷ್ಟು ಉದ್ದವಾಗಿರುವುದರಿಂದ ಮಾತ್ರ ಅದು ನಮಗೆ ಕಾಣುತ್ತದೆ.

ಚೆಂಡು ಆ ದಾರಿ ಯಾಕೆ ಹಿಡಿಯುತ್ತದೆ? ಮೇಲೆ ಹೋದಷ್ಟೂ ಗಡಿಯಾರ ಬೇಗ ಓಡುತ್ತದೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ ಇದೆ. ಇಲ್ಲಿನ ಗಡಿಯಾರ ಮಂಗಳೂರಿನ ಕಡಲ ತೀರದ ಗಡಿಯಾರಕ್ಕಿಂತ ವರ್ಷಕ್ಕೆ ಸುಮಾರು 3 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಪೀಣ್ಯದವರು ಬೆಳಗ್ಗೆ ಕಂಡುಕೊಂಡದ್ದನ್ನು ನೆನಪಿಸಿಕೊಳ್ಳಿ. ಬೇರೆ ಬಲವಿಲ್ಲದೆ ಸಾಗುವ ವಸ್ತುವಿನ ದಾರಿಯೇ ಅತಿ ಹೆಚ್ಚು ಸ್ವಂತ ಕಾಲದ ದಾರಿ. ಎಸೆದ ಕೈಯಿಂದ ಹಿಡಿಯುವ ಕೈವರೆಗೆ ಚೆಂಡು ಸ್ವಲ್ಪ ಮೇಲೆ ಹೋದರೆ ಹೆಚ್ಚು ಕಾಲ ಸಿಗುತ್ತದೆ. ತೀರಾ ಮೇಲೆ ಹೋಗಬೇಕಾದರೆ ವೇಗ ಜಾಸ್ತಿ ಬೇಕು, ಆ ವೇಗದಿಂದ ಕಾಲ ಕಡಿಮೆಯಾಗುತ್ತದೆ. ಎರಡೂ ಸರಿದೂಗುವ ದಾರಿ ಆ ಕಮಾನು.

ಸಾಪೇಕ್ಷತೆಯ ಹೊಸ ಜ್ಯಾಮಿತಿ ಕಟ್ಟುವಾಗ ಐನ್‌ಸ್ಟೈನ್‌ಗೆ ನೆರವಾದದ್ದು ಅವರ ಸ್ನೇಹಿತ, ಗಣಿತಜ್ಞ ಗ್ರಾಸ್‌ಮನ್. ನಮ್ಮ ಊರಿನವರ ಪಾಲೂ ಇದರಲ್ಲಿದೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು ಕಪ್ಪುಕುಳಿಯನ್ನು ಕದಲಿಸಿದರೆ ಅದು ತನ್ನದೇ ಸ್ವರದಲ್ಲಿ ಕಂಪಿಸಿ ಶಾಂತವಾಗುತ್ತದೆ ಎಂದು 1970ರಲ್ಲಿ ಲೆಕ್ಕದಿಂದ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ದೇಶಕಾಲದ ಅಲೆ ಹಿಡಿಯುವ ಲೈಗೋ ಉಪಕರಣಕ್ಕೆ ಎರಡು ಕಪ್ಪುಕುಳಿಗಳು ಸೇರಿದ ಅಲೆ ಸಿಕ್ಕಿತು. ಅದರ ಕೊನೆಯಲ್ಲಿ ಇದ್ದದ್ದು ಅಂಥದೇ ಕಂಪನ. ಅವರು ಅದನ್ನು ಕಣ್ಣಾರೆ ಕಂಡರು. ಟಿ. ಚೌಡಯ್ಯ ರಸ್ತೆಯ ನೆಹರು ತಾರಾಲಯದ ಮೊದಲ ನಿರ್ದೇಶಕರೂ ಅವರೇ.


ಪೀಣ್ಯ_ವಿಎಂಸಿ
ಸೋಮವಾರ, ರಾತ್ರಿ 9:20

ಗ್ರಾಫ್ ಹಾಳೆ ತಂದು ಚಂದ್ರಯಾನದ ಚಿತ್ರ ಎಳೆದೆ. ಮೇಲಕ್ಕೆ 1 ಸೆಂಟಿಮೀಟರ್ ಅಂದರೆ 1 ಸೆಕೆಂಡ್. ಪಕ್ಕಕ್ಕೆ 1 ಸೆಂಟಿಮೀಟರ್ ಅಂದರೆ 3 ಲಕ್ಷ ಕಿಲೋಮೀಟರ್. ಬೆಳಕು 45 ಡಿಗ್ರಿಯಲ್ಲಿ ಬಂತು. 2.6 ಸೆಕೆಂಡಿನ ಪಟ್ಟಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನಾಳೆ ಶಿಫ್ಟ್‌ನಲ್ಲಿ ಸ್ನೇಹಿತರಿಗೆ ತೋರಿಸಬೇಕು. ಒಂದೇ ಒಂದು ಕಡೆ ನಿಂತಿದ್ದೇನೆ. 0.9 ವೇಗದಲ್ಲಿ ಬರುವವರ ಕಾಲದ ಗೆರೆ ಓರೆಯಾಗಿ ಎಳೆದೆ. ಅವರ 'ಒಂದೇ ಸಲ' ಎನ್ನುವ ಗೆರೆಯನ್ನು ಅದಕ್ಕೆ 90 ಡಿಗ್ರಿಯಲ್ಲಿ ಎಳೆಯಬೇಕಾ? ಹಾಗೆ ಎಳೆದರೆ ಉತ್ತರ ತಿರುಗುಮುರುಗು ಬರುತ್ತದೆ.


ಬಸವನಗುಡಿ_ಮೇಷ್ಟ್ರು
ಸೋಮವಾರ, ರಾತ್ರಿ 9:45

90 ಡಿಗ್ರಿ ಬೇಡ. ಅದು ಪ್ಲಸ್ ಗುರುತಿನ ಜ್ಯಾಮಿತಿ. ಜಾಬ್ ತಿರುಗಿಸಿದಾಗ ಎಕ್ಸ್, ವೈ ಎರಡೂ ಒಂದೇ ಕಡೆಗೆ ತಿರುಗುತ್ತವೆ. ಇಲ್ಲಿ ಮೈನಸ್ ಇರುವುದರಿಂದ ಎರಡು ಗೆರೆಗಳೂ ಎದುರುಬದುರಾಗಿ ತಿರುಗಿ 45 ಡಿಗ್ರಿ ಬೆಳಕಿನ ಗೆರೆಯ ಕಡೆಗೆ ಬಾಗುತ್ತವೆ. ಅವರು ಬರುತ್ತಿರುವುದು ಚಂದ್ರನಿಂದ ಭೂಮಿಗೆ. ಚಂದ್ರ ಬಲಕ್ಕೆ ಇದ್ದರೆ ಅವರ ಕಾಲದ ಗೆರೆ ಮೇಲಕ್ಕೆ ಹೋಗುತ್ತಾ ಎಡಕ್ಕೆ ವಾಲುತ್ತದೆ. ಮೇಲಿನ ಅಕ್ಷದಿಂದ ಅದು ಎಷ್ಟು ಡಿಗ್ರಿ ವಾಲಿದೆಯೋ, ಪಕ್ಕದ ಅಕ್ಷದಿಂದ 'ಒಂದೇ ಸಲ'ದ ಗೆರೆ ಅಷ್ಟೇ ಡಿಗ್ರಿ ಏಳಬೇಕು. ಎಡಗಡೆ ಮೇಲಕ್ಕೆ, ಬಲಗಡೆ ಕೆಳಕ್ಕೆ. 0.9 ವೇಗಕ್ಕೆ ಅದು ಸುಮಾರು 42 ಡಿಗ್ರಿ. ಇಳಿದ ಬಿಂದುವಿನ ಮೂಲಕ ಆ ಗೆರೆ ಎಳೆಯಿರಿ. ಬೆಂಗಳೂರಿನ ಗೆರೆಯನ್ನು ಅದು 1 ಸೆಕೆಂಡಿಗಿಂತ ಮೇಲೆ, ಸುಮಾರು 1.15ರ ಹತ್ತಿರ ಕತ್ತರಿಸುತ್ತದೆ. ಎದ್ದದ್ದು 1 ಸೆಕೆಂಡಿಗೆ. ಆದ್ದರಿಂದ ಅವರಿಗೆ ಎದ್ದದ್ದೇ ಮೊದಲು.


ಪೀಣ್ಯ_ವಿಎಂಸಿ
ಸೋಮವಾರ, ರಾತ್ರಿ 10:10

ಎಳೆದೆ ಸರ್. 1.15ಕ್ಕೇ ಕತ್ತರಿಸಿತು.